ಮೊದಲು ಬಾಗಿಲು ಮತ್ತು ಪೈಪು, ಆಮೇಲೆ ಮಂಚ: ಬೆಡ್‌ರೂಂ ಜೊತೆ ಬಾತ್‌ರೂಂ ಜೋಡಿಸುವ ಬಗೆ

ಮನೆ ಪ್ಲ್ಯಾನ್ ಕೈಗೆ ಬಂದಾಗ ಹೆಚ್ಚಿನವರು ಮೊದಲು ನೋಡುವುದು ರೂಮಿನ ಅಳತೆ. ಮಾಸ್ಟರ್ ಬೆಡ್‌ರೂಂ 11 ಬೈ 13, ಅಟ್ಯಾಚ್ಡ್ ಬಾತ್‌ರೂಂ 5 ಬೈ 8, ಸರಿ ಇದೆ ಅಂತ ತಲೆಯಾಡಿಸಿ ಮುಂದಕ್ಕೆ ಹೋಗುತ್ತಾರೆ. ಆದರೆ ಅದೇ ಅಳತೆಯ ರೂಮು ಒಂದು ಮನೆಯಲ್ಲಿ ಧಾರಾಳವಾಗಿ ಅನ್ನಿಸುತ್ತದೆ, ಇನ್ನೊಂದು ಮನೆಯಲ್ಲಿ ವಾರ್ಡ್‌ರೋಬ್ ಬಾಗಿಲು ತೆಗೆಯಬೇಕೆಂದರೆ ಮಂಚದ ಮೇಲೆ ಕೂತೇ ತೆಗೆಯಬೇಕು. ಬಾಗಿಲುಗಳು ಎಲ್ಲಿವೆ, ಬಾತ್‌ರೂಮಿನ ಪೈಪು ಎಲ್ಲಿ ಇಳಿಯುತ್ತದೆ, ಇವೆರಡು ಸೇರಿ ಇಡೀ ರೂಮಿನ ಹಣೆಬರಹ ಬರೆಯುತ್ತವೆ. ಇವನ್ನು ಗಟ್ಟಿ ಮಾಡಿಕೊಂಡ ಮೇಲೆ ಮಂಚ, ವಾರ್ಡ್‌ರೋಬ್, ಟಿವಿ ಎಲ್ಲಾ ತಾವಾಗಿಯೇ ಜಾಗ ಹುಡುಕಿಕೊಳ್ಳುತ್ತವೆ.

ಯಾಕೆ ಅಂತ ಹೇಳುತ್ತೇನೆ. ಬೆಡ್‌ರೂಮಿನಲ್ಲಿ ನೆಲಕ್ಕಿಂತ ಗೋಡೆಗೆ ಬರ ಜಾಸ್ತಿ. ಮಂಚದ ತಲೆಗೆ ಒಂದು ಪೂರ್ತಿ ಗೋಡೆ ಬೇಕು, ವಾರ್ಡ್‌ರೋಬಿಗೆ ಇನ್ನೊಂದು. ಇರುವುದು ನಾಲ್ಕೇ ಗೋಡೆ. ಅದರಲ್ಲಿ ರೂಮಿಗೆ ಬರುವ ಬಾಗಿಲು ಒಂದನ್ನು ಮುರಿಯುತ್ತದೆ, ಬಾತ್‌ರೂಂ ಬಾಗಿಲು ಇನ್ನೊಂದನ್ನು, ಕಿಟಕಿ ಮೂರನೆಯದನ್ನು. ಬಾಲ್ಕನಿ ಬಾಗಿಲು ಬೇರೆ ಇದ್ದರೆ ಕಥೆ ಮುಗಿಯಿತು. ಪ್ರತಿಯೊಂದು ಬಾಗಿಲೂ ತನ್ನ ಅಗಲದ ಗೋಡೆಯ ಜೊತೆಗೆ, ರೆಕ್ಕೆ ತಿರುಗುವ ಅಷ್ಟೂ ನೆಲವನ್ನೂ ತಿನ್ನುತ್ತದೆ. ಗೋಡೆಯ ಮಧ್ಯದಲ್ಲಿ ಬಾಗಿಲು ಇಟ್ಟರೆ ಎರಡೂ ಪಕ್ಕ ನಾಲ್ಕು ನಾಲ್ಕು ಅಡಿಯ ತುಂಡು ಉಳಿಯುತ್ತದೆ. ಅಲ್ಲಿ ಮಂಚವೂ ಹಿಡಿಯುವುದಿಲ್ಲ, ಒಳ್ಳೆಯ ವಾರ್ಡ್‌ರೋಬೂ ಹಿಡಿಯುವುದಿಲ್ಲ. ಅದೇ ಬಾಗಿಲನ್ನು ಮೂಲೆಗೆ ತಳ್ಳಿದರೆ ಎಂಟು ಅಡಿ ಗೋಡೆ ಇಡಿಯಾಗಿ ಸಿಗುತ್ತದೆ.

ಇನ್ನೊಂದು ವಿಷಯ, ಕಾಗದದ ಮೇಲಿನ ಅಳತೆಯೇ ಬೇರೆ, ಕೈಗೆ ಸಿಗುವ ಅಳತೆಯೇ ಬೇರೆ. ಪ್ಲ್ಯಾನಿನಲ್ಲಿ ಬರೆಯುವುದು ಸಾಮಾನ್ಯವಾಗಿ ಕಲ್ಲಿನಿಂದ ಕಲ್ಲಿಗೆ ಇರುವ ಅಂತರ. ಅದರ ಮೇಲೆ ಎರಡೂ ಕಡೆ ಅರ್ಧ ಮುಕ್ಕಾಲು ಇಂಚು ಪ್ಲಾಸ್ಟರ್ ಬರುತ್ತದೆ, ಬಾತ್‌ರೂಂ ಆದರೆ ಟೈಲ್ಸ್ ಮತ್ತು ಅದನ್ನು ಅಂಟಿಸುವ ಮಸಾಲೆ ಸೇರಿ ಇನ್ನೂ ಮುಕ್ಕಾಲರಿಂದ ಒಂದು ಇಂಚು. 5 ಅಡಿ ಅಂತ ಬರೆದ ಬಾತ್‌ರೂಂ ಕೊನೆಗೆ 4 ಅಡಿ 9 ಇಂಚು ಆಗಿರುತ್ತದೆ. ಮೂರು ಇಂಚು ತಾನೇ ಅನ್ನಬೇಡಿ, ಕಮೋಡಿನ ಪಕ್ಕ ಮೊಣಕೈ ಗೋಡೆಗೆ ತಾಗುತ್ತದೋ ಇಲ್ಲವೋ ಅನ್ನುವುದು ಅಷ್ಟರಲ್ಲೇ ತೀರ್ಮಾನ ಆಗುತ್ತದೆ. ಅದಕ್ಕೇ ಇಂಜಿನಿಯರ್ ಹತ್ತಿರ ಮಾತಾಡುವಾಗ ‘ಟೈಲ್ಸ್ ಹಾಕಿದ ಮೇಲೆ ಎಷ್ಟು ಉಳಿಯುತ್ತದೆ’ ಅಂತಲೇ ಕೇಳಿ. ಕೆಳಗೆ ನಾನು ಕೊಡುವ ಅಳತೆಗಳೆಲ್ಲ ಹಾಗೆ ಉಳಿಯುವ ಅಳತೆಗಳು.

ಕನಿಷ್ಠ ಎಷ್ಟಿರಬೇಕು ಅಂತ ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುತ್ತದೆ. ವಾಸದ ಕೋಣೆ 9.5 ಚದರ ಮೀಟರ್, ಅಂದರೆ ಸುಮಾರು 102 ಚದರ ಅಡಿ, ಅಗಲ 2.4 ಮೀಟರಿಗಿಂತ ಕಡಿಮೆ ಇರಬಾರದು. ಸ್ನಾನ, ಶೌಚ ಎರಡೂ ಒಂದೇ ಕಡೆ ಇರುವ ಬಾತ್‌ರೂಂ 2.8 ಚದರ ಮೀಟರ್, ಸುಮಾರು 30 ಚದರ ಅಡಿ, ಅಗಲ 1.2 ಮೀಟರ್. ಇದು ಕಾನೂನಿಗೆ ಸಾಕು, ಬದುಕಿಗೆ ಸಾಲುವುದಿಲ್ಲ. ನಾಲ್ಕು ಅಡಿ ಅಗಲದ ಬಾತ್‌ರೂಮಿನಲ್ಲಿ ಒಂದು ಮಗುವಿಗೆ ಸ್ನಾನ ಮಾಡಿಸಿ ನೋಡಿ, ಗೊತ್ತಾಗುತ್ತದೆ. 5 ಬೈ 7 ಅಥವಾ 5 ಬೈ 8 ಸಿಕ್ಕರೆ ನೆಮ್ಮದಿ.

ಸಾಮಾನುಗಳ ಅಳತೆ ತಲೆಯಲ್ಲಿ ಇಟ್ಟುಕೊಂಡರೆ ಅರ್ಧ ಕೆಲಸ ಆದ ಹಾಗೆ. ಕಿಂಗ್ ಸೈಜ್ ಹಾಸಿಗೆ 6 ಅಡಿ ಅಗಲ, ಆರೂವರೆ ಅಡಿ ಉದ್ದ. ಮಂಚದ ಚೌಕಟ್ಟು ಸೇರಿದರೆ 6 ಅಡಿ 4 ಇಂಚಿಗೆ 7 ಅಡಿ ಅಂತ ಲೆಕ್ಕ ಹಾಕಿ. ಕ್ವೀನ್ ಸೈಜ್ ಆದರೆ ಅಗಲದಲ್ಲಿ ಒಂದು ಅಡಿ ಕಡಿಮೆ. ಮಂಚದ ಪಕ್ಕದಲ್ಲಿ ನಡೆದಾಡಲು 2 ಅಡಿ ಬೇಕೇ ಬೇಕು, ಎರಡೂವರೆ ಇದ್ದರೆ ಬೆಡ್‌ಶೀಟ್ ಬದಲಾಯಿಸುವಾಗ ಸೊಂಟ ತಿರುಚಬೇಕಿಲ್ಲ. ವಾರ್ಡ್‌ರೋಬಿನ ಆಳ 2 ಅಡಿ, ಯಾಕೆಂದರೆ ಹ್ಯಾಂಗರಿಗೆ ಹಾಕಿದ ಅಂಗಿ ಅಡ್ಡಕ್ಕೆ ಅಷ್ಟು ಜಾಗ ಕೇಳುತ್ತದೆ. ಸ್ಲೈಡಿಂಗ್ ಬಾಗಿಲು ಬೇಕಾದರೆ ಇನ್ನೂ ಎರಡು ಮೂರು ಇಂಚು ಸೇರಿಸಿ. ಅದರ ಮುಂದೆ ನಿಂತು ಬಟ್ಟೆ ತೆಗೆಯಲು ಎರಡೂವರೆಯಿಂದ ಮೂರು ಅಡಿ ಬೇಕು.

ಈಗ ಒಂದು ನಿಜವಾದ ಜಾಗ ತೆಗೆದುಕೊಳ್ಳೋಣ. ಬೆಂಗಳೂರಿನ 30 ಬೈ 40 ಸೈಟು, ಮೊದಲ ಮಹಡಿ, ನೈಋತ್ಯ ಮೂಲೆಯ ಮಾಸ್ಟರ್ ಬೆಡ್‌ರೂಂ. ವಾಸ್ತು ನೋಡುವವರು ಯಜಮಾನರ ಕೋಣೆಯನ್ನು ಅಲ್ಲೇ ಇಡಿಸುವುದರಿಂದ ನಮ್ಮ ಕಡೆ ಹೆಚ್ಚಿನ ಮನೆಗಳಲ್ಲಿ ಇದೇ ಪರಿಸ್ಥಿತಿ. ಬೆಡ್‌ರೂಂ, ಬಾತ್‌ರೂಂ ಎರಡಕ್ಕೂ ಸೇರಿ ಸಿಕ್ಕಿರುವುದು ಪೂರ್ವ ಪಶ್ಚಿಮ 13 ಅಡಿ, ಉತ್ತರ ದಕ್ಷಿಣ 18 ಅಡಿ ಅಂತ ಇಟ್ಟುಕೊಳ್ಳಿ. ಪಶ್ಚಿಮ ಮತ್ತು ದಕ್ಷಿಣದ ಗೋಡೆ ಹೊರಗಿನವು. ಪೂರ್ವಕ್ಕೆ ಹಾಲ್, ಉತ್ತರಕ್ಕೆ ಮತ್ತೊಂದು ಕೋಣೆ.

ಸಾಮಾನ್ಯವಾಗಿ ಬರೆದುಕೊಡುವ ಪ್ಲ್ಯಾನ್ ಹೇಗಿರುತ್ತದೆ ಅಂದರೆ, ಉತ್ತರದ ತುದಿಯಲ್ಲಿ 5 ಅಡಿ ಪಟ್ಟಿ ಕತ್ತರಿಸಿ ಅದರ ಪಶ್ಚಿಮ ಮೂಲೆಗೆ ಏಳೂವರೆ ಅಡಿ ಉದ್ದದ ಬಾತ್‌ರೂಂ ಇಟ್ಟು, ಬಾಗಿಲನ್ನು ನೇರವಾಗಿ ಬೆಡ್‌ರೂಮಿಗೆ ತೆರೆದುಬಿಡುತ್ತಾರೆ. ಮಂಚದಲ್ಲಿ ಮಲಗಿದವರ ಕಣ್ಣೆದುರಿಗೇ ಕಮೋಡು. ಬಾತ್‌ರೂಂ ಗೋಡೆಯಲ್ಲಿ ಬಾಗಿಲು ಹೋಗಿ ಉಳಿದದ್ದು ಯಾವುದಕ್ಕೂ ಆಗದ ತುಂಡು. ಪಕ್ಕದಲ್ಲಿ ಉಳಿದ 5 ಅಡಿಯ ಗೂಡಿನಲ್ಲಿ ಹಳೇ ಟ್ರಂಕು, ಇಸ್ತ್ರಿ ಮೇಜು, ಮಡಚದ ಬಟ್ಟೆ ಸೇರಿಕೊಳ್ಳುತ್ತವೆ.

ಅದೇ ಗೋಡೆಗಳನ್ನು ಅಲ್ಲೇ ಬಿಟ್ಟು, ಬಾತ್‌ರೂಂ ಬಾಗಿಲೊಂದನ್ನು ಮಾತ್ರ ಆ ಗೂಡಿನ ಕಡೆಗೆ ತಿರುಗಿಸಿ. ಲೆಕ್ಕ ನೋಡಿ: 13 ಅಡಿಯಲ್ಲಿ ಬಾತ್‌ರೂಂ ಏಳೂವರೆ, ನಡುವಿನ ಗೋಡೆ ಅರ್ಧ ಅಡಿ, ಗೂಡು 5 ಅಡಿ. ಗೂಡಿನ ಪೂರ್ವದ ಗೋಡೆಗೆ ಒತ್ತಿ 2 ಅಡಿ ಆಳದ ವಾರ್ಡ್‌ರೋಬ್ 5 ಅಡಿ ಉದ್ದಕ್ಕೆ, ಸೂರಿನವರೆಗೂ. ಅದರ ಮುಂದೆ ನಿಲ್ಲಲು 3 ಅಡಿ. ನಿಂತವರ ಬೆನ್ನ ಹಿಂದೆ ಬಾತ್‌ರೂಂ ಬಾಗಿಲು. ಸ್ನಾನ ಮುಗಿಸಿ ಹೊರಗೆ ಬಂದರೆ ಬಟ್ಟೆ ಎದುರಿಗೇ ಇದೆ, ಒದ್ದೆ ಕಾಲು ಮಂಚದ ಹತ್ತಿರ ಬರುವ ಪ್ರಮೇಯವೇ ಇಲ್ಲ. ಗೂಡಿನ ಬಾಯಿಗೆ ಒಂದು ಪರದೆ ಬಿಟ್ಟರೆ ಅದೇ ಡ್ರೆಸ್ಸಿಂಗ್ ರೂಂ. ಮಂಚದಿಂದ ಬಾತ್‌ರೂಂ ಬಾಗಿಲು ಕಾಣುವುದಿಲ್ಲ, ರಾತ್ರಿ ಒಬ್ಬರು ಎದ್ದು ಲೈಟ್ ಹಾಕಿದರೆ ಇನ್ನೊಬ್ಬರ ಮುಖಕ್ಕೆ ಹೊಡೆಯುವುದಿಲ್ಲ. ಒಂದು ರೂಪಾಯಿ ಖರ್ಚು ಜಾಸ್ತಿ ಆಗಲಿಲ್ಲ.

ಉಳಿದ ಬೆಡ್‌ರೂಂ ಈಗ 13 ಅಡಿಗೆ ಹನ್ನೆರಡೂವರೆ ಅಡಿ. ಮಂಚದ ತಲೆ ದಕ್ಷಿಣದ ಗೋಡೆಗೆ. ಉತ್ತರಕ್ಕೆ ತಲೆ ಹಾಕಬಾರದು ಅನ್ನುವ ಮನೆಯ ಹಿರಿಯರಿಗೂ ಸಮಾಧಾನ, ಬಾತ್‌ರೂಂ ಗೋಡೆಯಿಂದಲೂ ದೂರ. ನಡುರಾತ್ರಿ ಫ್ಲಶ್ ಮಾಡಿದ ಸದ್ದು ತಲೆದಿಂಬಿನ ಹಿಂದೆಯೇ ಕೇಳಿಸುವ ಮನೆಯಲ್ಲಿ ಮಲಗಿದ್ದರೆ ಇದರ ಬೆಲೆ ಗೊತ್ತಿರುತ್ತದೆ. 13 ಅಡಿಯಲ್ಲಿ ಮಂಚ 6 ಅಡಿ 4 ಇಂಚು ಹೋದರೆ ಎರಡೂ ಪಕ್ಕ ಮೂರು ಅಡಿಗೂ ಜಾಸ್ತಿ ಉಳಿಯುತ್ತದೆ. ಕಾಲಿನ ಕಡೆ ಐದೂವರೆ ಅಡಿ. ಅಲ್ಲಿ ಬಾತ್‌ರೂಂ ಗೋಡೆಗೆ ಒಂದು ಮೇಜು ಹಾಕಿಕೊಳ್ಳಬಹುದು, ಟಿವಿ ಹಾಕಬಹುದು.

ರೂಮಿನ ಬಾಗಿಲು ಪೂರ್ವದ ಗೋಡೆಯಲ್ಲಿ, ಗೂಡಿನ ಪಕ್ಕದಲ್ಲೇ ಇರಲಿ. ಆದರೆ ಗೂಡಿಗೂ ಬಾಗಿಲಿನ ಚೌಕಟ್ಟಿಗೂ ನಡುವೆ ಒಂಬತ್ತು ಇಂಚು ಗೋಡೆ ಬಿಡಿಸಿ. ಸ್ವಿಚ್ ಬೋರ್ಡ್ ಬರುವುದು ಅಲ್ಲಿ. ಬೋರ್ಡ್ ಯಾವಾಗಲೂ ಚಿಲಕದ ಕಡೆ ಇರಬೇಕು, ಕೀಲಿನ ಕಡೆ ಅಲ್ಲ. ಇದನ್ನು ಮರೆತ ಮನೆಗಳಲ್ಲಿ ಒಳಗೆ ಬಂದು, ತೆರೆದ ಬಾಗಿಲ ಹಿಂದೆ ಕೈ ತೂರಿಸಿ ಕತ್ತಲೆಯಲ್ಲಿ ಸ್ವಿಚ್ ತಡಕಾಡಬೇಕು. ಕೀಲು ಮಂಚದ ಕಡೆಗೆ ಇರಲಿ. ಆಗ ಬಾಗಿಲು ಅರ್ಧ ತೆರೆದಾಗ ರೆಕ್ಕೆಯೇ ಮಂಚಕ್ಕೆ ಮರೆಯಾಗುತ್ತದೆ, ಹಾಲಿನಲ್ಲಿ ಕೂತ ನೆಂಟರಿಗೆ ಹಾಸಿಗೆ ಕಾಣುವುದಿಲ್ಲ.

ಕಿಟಕಿ ವಿಷಯಕ್ಕೆ ಬಂದರೆ, ನಮ್ಮಲ್ಲಿ ಸೆಕೆ ತರುವುದು ಪಶ್ಚಿಮದ ಬಿಸಿಲು. ಸಂಜೆ ಸೂರ್ಯ ಕೆಳಗಿರುತ್ತಾನೆ, ಸಜ್ಜಾದ ಕೆಳಗಿನಿಂದ ನೇರವಾಗಿ ಒಳಗೆ ನುಗ್ಗುತ್ತದೆ. ದಿನವಿಡೀ ಕಾದ ಗೋಡೆ ರಾತ್ರಿ ಹತ್ತಕ್ಕೆ ಮುಟ್ಟಿದರೂ ಬೆಚ್ಚಗಿರುತ್ತದೆ. ದಕ್ಷಿಣದ ಕಿಟಕಿ ಹಾಗಲ್ಲ. ಬೇಸಿಗೆ ಮಧ್ಯಾಹ್ನ ಸೂರ್ಯ ನೆತ್ತಿ ಮೇಲೆ ಇರುವುದರಿಂದ ಎರಡು ಅಡಿ ಸಜ್ಜಾ ಸಾಕು, ಚಳಿಗಾಲದಲ್ಲಿ ಮಾತ್ರ ಹಿತವಾದ ಬಿಸಿಲು ಒಳಗೆ ಬರುತ್ತದೆ. ಹಾಗಾಗಿ ಮಂಚದ ಎರಡೂ ಪಕ್ಕ ದಕ್ಷಿಣಕ್ಕೆ ಎರಡೂವರೆ ಅಡಿಯ ಎರಡು ಉದ್ದನೆ ಕಿಟಕಿ, ಗಾಳಿ ಅಡ್ಡ ಹಾಯಲು ಪಶ್ಚಿಮಕ್ಕೆ ಒಂದು ಚಿಕ್ಕದು. ಬಾತ್‌ರೂಂ ಪಶ್ಚಿಮಕ್ಕೆ ಬಂದಿದ್ದು ಕೂಡ ಒಳ್ಳೆಯದೇ, ಅಷ್ಟು ಗೋಡೆಯ ಬಿಸಿಯನ್ನು ಅದು ತಾನು ತಡೆದುಕೊಳ್ಳುತ್ತದೆ, ಸಂಜೆಯ ಬಿಸಿಲಿಗೆ ನೆಲವೂ ಒಣಗುತ್ತದೆ. ಕಲಬುರಗಿ, ರಾಯಚೂರು ಕಡೆಯವರು ಪಶ್ಚಿಮದ ಗೋಡೆಗೆ ಆದಷ್ಟೂ ಬಾತ್‌ರೂಂ, ಮೆಟ್ಟಿಲು, ವಾರ್ಡ್‌ರೋಬ್ ಇವನ್ನೇ ಸಾಲಾಗಿ ಇಡಿ. ಮಲಗುವ ಜಾಗ ಒಳಕ್ಕೆ ಸರಿಯಲಿ. ಕರಾವಳಿಯಲ್ಲಿ ಲೆಕ್ಕ ಬೇರೆ. ಅಲ್ಲಿ ಮಳೆ ಹೊಡೆಯುವುದೇ ಪಶ್ಚಿಮ, ನೈಋತ್ಯದಿಂದ, ಆ ಕಡೆ ಕಿಟಕಿಗೆ ಸಜ್ಜಾ ಉದ್ದ ಇರಬೇಕು, ಬಾತ್‌ರೂಮಿಗೆ ಮರದ ಬಾಗಿಲು ಹಾಕಿದರೆ ಮಳೆಗಾಲದಲ್ಲಿ ಉಬ್ಬಿ ಮುಚ್ಚಲಾಗದ ಹಾಗೆ ಆಗುತ್ತದೆ. ಫೈಬರ್ ಅಥವಾ ಡಬ್ಲ್ಯೂಪಿಸಿ (ಮರದ ಪುಡಿ, ಪ್ಲಾಸ್ಟಿಕ್ ಬೆರೆಸಿದ) ಬಾಗಿಲೇ ಸರಿ.

ಈಗ ಬಾತ್‌ರೂಂ ಒಳಗೆ ಹೋಗೋಣ. ಇಲ್ಲಿ ಒಂದೇ ಸೂತ್ರ, ಒಣಗಿದ್ದು ಬಾಗಿಲ ಹತ್ತಿರ, ಒದ್ದೆಯಾದದ್ದು ದೂರ. ಏಳೂವರೆ ಅಡಿ ಉದ್ದದಲ್ಲಿ ಮೊದಲ 2 ಅಡಿ ವಾಶ್ ಬೇಸಿನ್, ಮುಂದಿನ ಎರಡೂವರೆ ಅಡಿ ಕಮೋಡು, ಕೊನೆಯ 3 ಅಡಿ ಸ್ನಾನಕ್ಕೆ. ಮೂರೂ ಒಂದೇ ಗೋಡೆಗೆ, ಉತ್ತರದ ಗೋಡೆಗೆ. ಪೈಪುಗಳೆಲ್ಲ ಒಂದೇ ಗೋಡೆಯಲ್ಲಿ ಹೋದರೆ ಖರ್ಚೂ ಕಡಿಮೆ, ಮುಂದೆ ಸೋರಿದರೆ ಹುಡುಕುವ ಜಾಗವೂ ಒಂದೇ. ಕೈ ತೊಳೆಯಲು ಬಂದವರು ಒದ್ದೆ ನೆಲ ತುಳಿಯಬೇಕಿಲ್ಲ. ಬಾಗಿಲು ಎರಡೂವರೆ ಅಡಿ, ದಕ್ಷಿಣದ ಗೋಡೆಗೆ ಒರಗಿ ತೆರೆದುಕೊಳ್ಳಲಿ, ಆಗ ಬೇಸಿನ್‌ಗೆ ತಗಲುವುದಿಲ್ಲ.

ಕಮೋಡಿನ ಮಧ್ಯದಿಂದ ಎರಡೂ ಪಕ್ಕಕ್ಕೆ 15 ಇಂಚು ಕನಿಷ್ಠ ಬೇಕು, ಎದುರಿಗೆ 2 ಅಡಿ. ಕೊಳ್ಳುವ ಮೊದಲು ಎಸ್ ಟ್ರ್ಯಾಪೋ ಪಿ ಟ್ರ್ಯಾಪೋ ಅಂತ ತೀರ್ಮಾನಿಸಿ. ಎಸ್ ಟ್ರ್ಯಾಪ್ ಆದರೆ ಹೊಲಸು ನೆಲದೊಳಕ್ಕೆ ಇಳಿಯುತ್ತದೆ, ಪಿ ಟ್ರ್ಯಾಪ್ ಆದರೆ ಹಿಂದಿನ ಗೋಡೆಯೊಳಕ್ಕೆ ಹೋಗುತ್ತದೆ. ಎಸ್ ಟ್ರ್ಯಾಪಿನಲ್ಲಿ ಗೋಡೆಯಿಂದ ರಂಧ್ರದ ಮಧ್ಯಕ್ಕೆ 9 ಇಂಚು, 12 ಇಂಚು ಅಂತ ಬೇರೆ ಬೇರೆ ಮಾದರಿ ಇರುತ್ತವೆ, ಆ ಅಳತೆಯೂ ಟೈಲ್ಸ್ ಆದ ಮೇಲಿನದು. ಪ್ಲಂಬರ್ ಮೊದಲೇ ಪೈಪು ಹೂತಿಟ್ಟು ಆಮೇಲೆ ಬೇರೆ ಮಾದರಿ ತಂದರೆ ಕಮೋಡು ಗೋಡೆಯಿಂದ ಮೂರು ಇಂಚು ಮುಂದೆ ಕೂರುತ್ತದೆ ಅಥವಾ ಕೂರುವುದೇ ಇಲ್ಲ. ಗೋಡೆಗೆ ನೇತುಹಾಕುವ ಮಾದರಿ ನೋಡಲು ಚೆಂದ, ಕೆಳಗೆ ಒರೆಸಲು ಸುಲಭ. ಆದರೆ ಅದರ ಟ್ಯಾಂಕ್ ಗೋಡೆಯೊಳಗೆ ಅಡಗುವುದರಿಂದ ನಾಲ್ಕರಿಂದ ಆರು ಇಂಚು ಗೋಡೆ ದಪ್ಪ ಆಗುತ್ತದೆ. ನಮ್ಮ 5 ಅಡಿ ಬಾತ್‌ರೂಮಿನಲ್ಲಿ ಆ ಆರು ಇಂಚು ಬಿಟ್ಟುಕೊಡುವುದು ನನಗೆ ಒಪ್ಪಿಗೆ ಇಲ್ಲ.

ಸ್ನಾನದ ಜಾಗದ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಶೋರೂಮುಗಳಲ್ಲಿ ಕಾಣುವ 3 ಬೈ 3 ಗಾಜಿನ ಪೆಟ್ಟಿಗೆ ನಿಂತು ಶವರ್ ಮಾಡುವವರಿಗೆ ಸರಿ. ನಮ್ಮ ಮನೆಗಳಲ್ಲಿ ಬಕೆಟ್ ಇದೆ, ಚೊಂಬು ಇದೆ, ಕೂರುವ ಮಣೆ ಅಥವಾ ಸ್ಟೂಲ್ ಇದೆ, ಹಬ್ಬಕ್ಕೆ ಎಣ್ಣೆ ಸ್ನಾನ ಇದೆ, ಅಜ್ಜಿಯ ಬೆನ್ನು ತಿಕ್ಕಿ ನೀರು ಹಾಕುವವರು ಇನ್ನೊಬ್ಬರು ಇದ್ದಾರೆ. ಅದಕ್ಕೇ ಆ 3 ಅಡಿ ಜಾಗವನ್ನು ಗೋಡೆಯಿಂದ ಗೋಡೆಗೆ ಪೂರ್ತಿ 5 ಅಡಿ ಬಿಟ್ಟುಬಿಡಿ. ಗಾಜು ಹಾಕುವುದಿದ್ದರೆ ಅರ್ಧಕ್ಕೆ, ಕಮೋಡಿಗೆ ನೀರು ಚಿಮ್ಮದಷ್ಟು. ಬಕೆಟ್ ತುಂಬಿಸುವ ನಲ್ಲಿ ನೆಲದಿಂದ 2 ಅಡಿ ಎತ್ತರಕ್ಕೆ ಇದ್ದರೆ ಬಕೆಟ್ ಸರಾಗವಾಗಿ ಕೆಳಗೆ ಹೋಗುತ್ತದೆ. ಸೋಪು ಇಡುವ ಗೂಡು ಕೂತವರ ಕೈಗೂ ಸಿಗಲಿ, ನಿಂತವರ ಕೈಗೂ ಸಿಗಲಿ.

ನೆಲದ ಮಟ್ಟ ಮೂರು ಹಂತದಲ್ಲಿ ಇಳಿಯಬೇಕು. ಬೆಡ್‌ರೂಮಿಗಿಂತ ಬಾತ್‌ರೂಂ ಅರ್ಧದಿಂದ ಮುಕ್ಕಾಲು ಇಂಚು ಕೆಳಗೆ, ಅದಕ್ಕಿಂತ ಸ್ನಾನದ ಜಾಗ ಇನ್ನರ್ಧ ಇಂಚು ಕೆಳಗೆ, ಅಲ್ಲಿಂದ ಮೂಲೆಯಲ್ಲಿ ನೀರು ಹೊರಗೆ ಹೋಗುವ ಕಿಂಡಿಗೆ, ಅಂದರೆ ನಹಾನಿ ಟ್ರ್ಯಾಪಿಗೆ, ಇಳಿಜಾರು. ಪ್ರತಿ 80 ಅಥವಾ 100 ಇಂಚಿಗೆ ಒಂದು ಇಂಚು ಇಳಿದರೆ ನೀರು ಓಡುತ್ತದೆ. ಇದಕ್ಕಿಂತ ಕಡಿಮೆ ಆದರೆ ನಿಲ್ಲುತ್ತದೆ, ತೀರಾ ಜಾಸ್ತಿ ಆದರೆ ವಯಸ್ಸಾದವರಿಗೆ ಕಾಲು ಜಾರುತ್ತದೆ. ಟೈಲ್ಸ್ ಹಾಕಿದ ದಿನವೇ ಒಂದು ಚೊಂಬು ನೀರು ಬಾಗಿಲ ಹತ್ತಿರ ಚೆಲ್ಲಿ ಅದು ಯಾವ ಕಡೆ ಹೋಗುತ್ತದೆ ನೋಡಿ.

ಈಗ ಎಲ್ಲಕ್ಕಿಂತ ದುಬಾರಿ ವಿಷಯ, ತೇವ. ಹಿಂದೆ ಬಚ್ಚಲು ಮನೆಯ ಹಿತ್ತಲಲ್ಲಿತ್ತು, ಹಂಡೆಯ ಬೆಂಕಿಗೆ ಗೋಡೆಯೂ ಒಣಗುತ್ತಿತ್ತು. ಈಗ ಅದನ್ನು ಮಲಗುವ ಕೋಣೆಯ ಮಗ್ಗುಲಿಗೇ ತಂದಿದ್ದೇವೆ, ನಡುವೆ ಇರುವುದು ನಾಲ್ಕೂವರೆ ಇಂಚಿನ ಗೋಡೆ. ಸ್ನಾನದ ನೀರು ಟೈಲ್ಸ್ ಸಂದಿನಿಂದ ಒಳಗಿಳಿದು, ಗೋಡೆ ಹೀರಿಕೊಂಡು, ಆ ಕಡೆ ಬಣ್ಣ ಉಬ್ಬಿಸಿ ಉದುರಿಸುತ್ತದೆ. ಅಲ್ಲಿ ವಾರ್ಡ್‌ರೋಬ್ ಇದ್ದರೆ ಕಣ್ಣಿಗೇ ಬೀಳುವುದಿಲ್ಲ, ಪ್ಲೈವುಡ್ ಹಿಂಭಾಗ ಕೊಳೆತು, ರೇಷ್ಮೆ ಸೀರೆಗೆ ಮುಗ್ಗಲು ವಾಸನೆ ಹತ್ತಿದ ಮೇಲೆಯೇ ಗೊತ್ತಾಗುವುದು. ಹಾಗಾಗಿ ಸ್ನಾನದ ಗೋಡೆಗೆ ಬೆನ್ನು ಕೊಟ್ಟು ವಾರ್ಡ್‌ರೋಬ್ ಮಾಡಿಸಲೇಬೇಡಿ. ನಮ್ಮ ಪ್ಲ್ಯಾನಿನಲ್ಲಿ ಅದು ಹಾಲಿನ ಕಡೆಯ ಒಣ ಗೋಡೆಗೆ ಹೋಗಿರುವುದು ಇದೇ ಕಾರಣಕ್ಕೆ. ಬೆಡ್‌ರೂಮಿನ ಕಡೆ ಇರುವ ಬಾತ್‌ರೂಂ ಗೋಡೆಗೆ ವಾಟರ್‌ಪ್ರೂಫಿಂಗ್ ನೆಲದಿಂದ ಒಂದಡಿಗೆ ನಿಲ್ಲಿಸದೆ ಶವರ್ ಎತ್ತರದವರೆಗೂ ಹೊಡೆಸಿ. ಮೇಲಿನ ಮಹಡಿಯಲ್ಲಿ ಸ್ಲ್ಯಾಬ್ ತಗ್ಗಿಸಿ ಪೈಪು ಹಾಕಿದ್ದರೆ, ಅದನ್ನು ತುಂಬಿಸುವ ಮೊದಲು ನೀರು ಕಟ್ಟಿ ಕನಿಷ್ಠ 24 ಗಂಟೆ, ಸಾಧ್ಯವಾದರೆ 48 ಗಂಟೆ ಬಿಟ್ಟು, ಕೆಳಗಿನ ಸೂರು ನೋಡಿ ಬನ್ನಿ. ಮೇಸ್ತ್ರಿ ‘ಏನೂ ಆಗಲ್ಲ ಸರ್’ ಅಂದರೂ ಮಾಡಿಸಿ. ಮೇಲಿನ ಬಾತ್‌ರೂಮಿನ ಕೆಳಗೆ ಬಾತ್‌ರೂಮೇ ಬಂದರೆ ಉತ್ತಮ, ಅಡುಗೆ ಮನೆ, ದೇವರ ಮನೆ ಬರುವುದು ಯಾವ ಲೆಕ್ಕದಲ್ಲೂ ಬೇಡ.

ಎಕ್ಸಾಸ್ಟ್ ಫ್ಯಾನ್ ಹಾಕಿಸುತ್ತಾರೆ, ಬಾಗಿಲ ಕೆಳಗೆ ಸಂದು ಬಿಡಿಸುವುದಿಲ್ಲ. ಗಾಳಿ ಒಳಗೆ ಬಾರದೆ ಹೊರಗೆ ಹೋಗಲು ಸಾಧ್ಯ ಇಲ್ಲ, ಫ್ಯಾನ್ ಸುಮ್ನೆ ಸದ್ದು ಮಾಡುತ್ತದೆ ಅಷ್ಟೇ. ಬಾಗಿಲ ಕೆಳಗೆ ಮುಕ್ಕಾಲು ಇಂಚು ಬಿಟ್ಟರೆ ಬೆಡ್‌ರೂಮಿನ ಒಣ ಗಾಳಿ ಬಾತ್‌ರೂಮಿಗೆ ಹೋಗಿ, ಹಬೆ ಹೊತ್ತು ಹೊರಗೆ ಹೋಗುತ್ತದೆ. ವಾಸನೆಯೂ ಬೆಡ್‌ರೂಂ ಕಡೆ ತಿರುಗುವುದಿಲ್ಲ. ಆದರೂ ವಾಸನೆ ಬಂದರೆ ನಹಾನಿ ಟ್ರ್ಯಾಪ್ ನೋಡಿ. ಅದರ ಬಗ್ಗಿದ ಕೊಳವೆಯಲ್ಲಿ ನಿಂತ ಸುಮಾರು ಎರಡು ಇಂಚು ನೀರೇ ಚರಂಡಿಯ ಗಾಳಿಗೆ ತಡೆ. ಊರಿಗೆ ಹೋಗಿ ತಿಂಗಳುಗಟ್ಟಲೆ ಮನೆ ಬೀಗ ಹಾಕಿದರೆ, ಅಥವಾ ಗೆಸ್ಟ್ ರೂಂ ಬಾತ್‌ರೂಂ ಯಾರೂ ಬಳಸದಿದ್ದರೆ, ಆ ನೀರು ಆರಿ ವಾಸನೆ ನೇರ ಮೇಲೆ ಬರುತ್ತದೆ. ಒಂದು ಚೊಂಬು ನೀರು ಸುರಿದರೆ ಸರಿಹೋಗುತ್ತದೆ, ಫಿನಾಯಿಲ್ ಡಬ್ಬ ಖಾಲಿ ಮಾಡಬೇಕಿಲ್ಲ.

ಬಿಸಿನೀರು ಸೋಲಾರಿನಿಂದ ಬರುವುದಾದರೆ ಟೆರೇಸ್ ಮೇಲಿನ ಟ್ಯಾಂಕಿನಿಂದ ಈ ಬಾತ್‌ರೂಮಿಗೆ ಪೈಪು ಎಷ್ಟು ಉದ್ದ ಅಂತ ಅಳೆಯಿರಿ. ಮುಕ್ಕಾಲು ಇಂಚಿನ ಪೈಪು 50 ಅಡಿ ಇದ್ದರೆ ಸುಮಾರು ನಾಲ್ಕು ಲೀಟರ್ ತಣ್ಣೀರು ಹೋದ ಮೇಲೆಯೇ ಬಿಸಿ ಬರುವುದು. ಟ್ಯಾಂಕನ್ನು ಬಾತ್‌ರೂಮುಗಳ ನೆತ್ತಿಗೇ ಇಟ್ಟು, ಪೈಪಿಗೆ ಇನ್ಸುಲೇಶನ್ ಸುತ್ತಿಸಿದರೆ ದಿನಾ ಅಷ್ಟು ನೀರು ಉಳಿಯುತ್ತದೆ. ಗೀಸರ್ ಇದ್ದರೆ ಸ್ನಾನ ಮಾಡುವವರ ತಲೆ ಮೇಲೆ ಬೇಡ, ಕಮೋಡಿನ ಮೇಲ್ಭಾಗದ ಗೋಡೆಗೆ ಹಾಕಿ. ಅದರ ಸ್ವಿಚ್ ಬಾತ್‌ರೂಂ ಹೊರಗೆ, ವಾರ್ಡ್‌ರೋಬ್ ಗೂಡಿನ ಕಡೆ ಇರಲಿ.

ಮನೆಯಲ್ಲಿ ವಯಸ್ಸಾದವರು ಇದ್ದರೆ ಎರಡು ವಿಷಯ ಈಗಲೇ ಮಾಡಿಸಿಡಿ. ಬಾತ್‌ರೂಂ ಬಾಗಿಲಿಗೆ ಒಳಗಿನಿಂದ ಹಾಕಿದರೂ ಹೊರಗಿನಿಂದ ತೆಗೆಯಬಹುದಾದ ಲಾಕ್. ಒಳಕ್ಕೆ ತೆರೆಯುವ ಬಾಗಿಲಿಗೆ ಅಡ್ಡವಾಗಿ ಯಾರಾದರೂ ಬಿದ್ದರೆ ತಳ್ಳಲೂ ಆಗುವುದಿಲ್ಲ, ಅಂಥ ಭಯ ಇರುವ ಮನೆಯಲ್ಲಿ ಬಾಗಿಲನ್ನು ಹೊರಕ್ಕೇ ತಿರುಗಿಸಿ, ಗೂಡಿನಲ್ಲಿ 3 ಅಡಿ ಇರುವುದರಿಂದ ರೆಕ್ಕೆಗೆ ಜಾಗ ಆಗುತ್ತದೆ. ಇನ್ನೊಂದು, ಕಮೋಡಿನ ಪಕ್ಕ ಮತ್ತು ಸ್ನಾನದ ಜಾಗದಲ್ಲಿ ಹಿಡಿಕೆ ಬರುವ ಕಡೆ ಹಾಲೋ ಬ್ಲಾಕ್ ಬದಲು ಗಟ್ಟಿ ಬ್ಲಾಕ್ ಕಟ್ಟಿಸಿ. ಹಿಡಿಕೆ ಬೇಕಾದಾಗ ಹಾಕಿಸಿಕೊಳ್ಳಬಹುದು, ಟೊಳ್ಳು ಗೋಡೆಗೆ ಹಾಕಿದ ಹಿಡಿಕೆ ಮನುಷ್ಯನ ಭಾರಕ್ಕೆ ಕಿತ್ತುಬರುತ್ತದೆ.

ಇಷ್ಟೆಲ್ಲ ಓದಿದರೂ ಕಾಗದ ನೋಡಿ ಜಾಗ ಅಂದಾಜು ಮಾಡುವುದು ಕಷ್ಟವೇ. ಅದಕ್ಕೆ ಈಗಿರುವ ಮನೆಯ ಟೆರೇಸ್ ಮೇಲೆ ಸೀಮೆಸುಣ್ಣದಲ್ಲಿ ಇಡೀ 13 ಬೈ 18 ಗೆರೆ ಎಳೆಯಿರಿ, ಗೋಡೆ ದಪ್ಪವನ್ನೂ ಸೇರಿಸಿ. ಹಳೇ ಪೇಪರ್ ಜೋಡಿಸಿ ಮಂಚ, ಕಮೋಡು, ವಾರ್ಡ್‌ರೋಬ್ ಹಾಸಿ. ಮನೆಮಂದಿಯೆಲ್ಲ ಅದರಲ್ಲಿ ಓಡಾಡಲಿ, ಒಬ್ಬರು ವಾರ್ಡ್‌ರೋಬ್ ತೆಗೆಯುವಾಗ ಇನ್ನೊಬ್ಬರು ಬಾತ್‌ರೂಮಿನಿಂದ ಬರಲಿ. ಸೈಟಿನಲ್ಲಿ ಕೆಲಸ ಶುರುವಾದ ಮೇಲೆ ಒಂದು ವರಸೆ ಕಲ್ಲು ಇಟ್ಟ ದಿನ ಹೋಗಿ ಇದನ್ನೇ ಮತ್ತೆ ಮಾಡಿ, ಬಾಗಿಲು ಆರು ಇಂಚು ಸರಿಸಲು ಅವತ್ತು ಹತ್ತು ನಿಮಿಷ ಸಾಕು. ಪ್ಲಾಸ್ಟರ್ ಹೊಡೆಯುವ ಹಿಂದಿನ ದಿನ ಬಾತ್‌ರೂಮಿನ ನಾಲ್ಕೂ ಗೋಡೆಗೆ ಟೇಪ್ ಹಿಡಿದು, ಅಳತೆ ಕಾಣುವ ಹಾಗೆ ಪೈಪು, ವೈರಿನ ಫೋಟೋ ತೆಗೆದಿಟ್ಟುಕೊಳ್ಳಿ. ಮುಂದೆ ಟವೆಲ್ ರಾಡಿಗೆ ಡ್ರಿಲ್ ಹಾಕುವವನಿಗೆ ಮೊದಲು ತೋರಿಸಬೇಕಾದದ್ದು ಆ ಫೋಟೋ.